ಹಳೆಯ ದರ ಹೇಳುವ ಉಚಿತ ಕನ್ವರ್ಟರ್‌ಗಳು: ಹಾಲಿ-ಕಲ್ದಾರ ಲೆಕ್ಕಕ್ಕೆ ಎಷ್ಟು ಒದಗುತ್ತವೆ?

ಎರಡು ದೇಶಗಳ ಹಣದ ಹಳೆಯ ವಿನಿಮಯ ದರ ಬೇಕೆಂದು ಮೊಬೈಲ್‌ನಲ್ಲಿ ಹುಡುಕಿದರೆ ಉಚಿತ ಕನ್ವರ್ಟರ್‌ಗಳಿಗೆ ಬರವಿಲ್ಲ. ಕರೆನ್ಸಿ ಎರಡನ್ನೂ ಆರಿಸಿ, ತಾರೀಖು ಹಾಕಿ, ಗುಂಡಿ ಒತ್ತಿದರೆ ನಾಲ್ಕೋ ಆರೋ ದಶಮಾಂಶ ಸ್ಥಾನಗಳಿರುವ ಉತ್ತರ ಬರುತ್ತದೆ. ಅಂಕಿ ಅಷ್ಟು ಉದ್ದವಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಈ ಸೇವೆಗಳು ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯವರ ಕೆಲಸಕ್ಕೆ ಎಷ್ಟರ ಮಟ್ಟಿಗೆ ಬರುತ್ತವೆ ಎಂದು ನೋಡುವುದೇ ಈ ವಿಮರ್ಶೆ. ಮೊದಲೇ ಹೇಳಿಬಿಡುವುದಾದರೆ, ಶ್ರೀಲಂಕಾದ ರೂಪಾಯಿಯಂತಹ ಏರಿಳಿಯುವ ಹಣದ ಇತ್ತೀಚಿನ ವರ್ಷಗಳ ದರಕ್ಕೆ ಇವು ಚೆನ್ನಾಗಿವೆ. ನೇಪಾಳಿ ರೂಪಾಯಿಗೆ ಎಚ್ಚರದಿಂದ ಬಳಸಬಹುದು. ಭಾರತ ರೂಪಾಯಿಯ ಬೆಲೆ ಇಳಿಸಿದ 1966ರ ಆಸುಪಾಸಿನ ಲೆಕ್ಕಕ್ಕೆ ಬಳಸಲೇಬಾರದು. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಹಾಲಿ ಸಿಕ್ಕಾಕ್ಕೆ, ಎಂದರೆ ನಿಜಾಮರ ಹೈದರಾಬಾದ್ ಸಂಸ್ಥಾನದ ಹಳೆಯ ರೂಪಾಯಿಗೆ, ಇವುಗಳಲ್ಲಿ ಜಾಗವೇ ಇಲ್ಲ.

ಯಾವುದೇ ಕನ್ವರ್ಟರನ್ನು ನಂಬುವ ಮೊದಲು, ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ ನೋಡಬೇಕು. ಅದಕ್ಕೆ ನೇಪಾಳ ಬಹಳ ಒಳ್ಳೆಯ ಪರೀಕ್ಷೆ. 1993ರ ಫೆಬ್ರವರಿಯಿಂದ ಭಾರತದ 1 ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂದು ಅಲ್ಲಿನ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕ್ ಕಟ್ಟಿಟ್ಟಿದೆ. ಹಾಗಾಗಿ ಆ ನಂತರದ ಯಾವ ತಾರೀಖು ಕೇಳಿದರೂ ಉತ್ತರ 1.60 ಎಂದೇ ಬರಬೇಕು. ಗ್ರಾಫ್ ನೇರ ಗೆರೆಯಾಗಿರಬೇಕು. ಆದರೆ ಹಲವು ಕನ್ವರ್ಟರ್‌ಗಳ ಗ್ರಾಫ್‌ನಲ್ಲಿ ಗೆರೆ ನಡುಗುತ್ತದೆ: ಒಂದು ದಿನ 1.5960, ಮರುದಿನ 1.6035, ಹೀಗೆ. ಅಲ್ಲಿ ದರವೇನೂ ಬದಲಾಗಿರುವುದಿಲ್ಲ. ಆ ಸೇವೆ ರೂಪಾಯಿಯಿಂದ ರೂಪಾಯಿಗೆ ದರ ಇಟ್ಟುಕೊಂಡಿರುವುದಿಲ್ಲ. ಡಾಲರಿಗೆ ಎಷ್ಟು ನೇಪಾಳಿ ರೂಪಾಯಿ, ಡಾಲರಿಗೆ ಎಷ್ಟು ಭಾರತದ ರೂಪಾಯಿ ಎಂಬ ಎರಡು ಅಂಕಿಗಳನ್ನು ಭಾಗಿಸಿ ಕೊಡುತ್ತದೆ. ಎರಡನ್ನೂ ದಿನದ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಡೆಯಿಂದ ತೆಗೆದುಕೊಂಡಿದ್ದರೆ ಸ್ಥಿರ ದರವೂ ಅಲುಗಾಡಿದಂತೆ ಕಾಣುತ್ತದೆ. ಇದರ ಜೊತೆಗೆ ತಾರೀಖಿನ ಗೊಂದಲವೂ ಇದೆ. ವಿಶ್ವ ಸಮಯದ ಮಧ್ಯರಾತ್ರಿ ಎಂದರೆ ನಮ್ಮಲ್ಲಿ ಬೆಳಿಗ್ಗೆ ಐದೂವರೆ. ಶನಿವಾರ, ಭಾನುವಾರಕ್ಕೆ ಶುಕ್ರವಾರದ ಅಂಕಿಯನ್ನೇ ಎಳೆದುಕೊಂಡು ಬಂದಿರುತ್ತಾರೆ.

ಈ ನಡುಕದಿಂದ ನಷ್ಟ ಅನುಭವಿಸುವವರು ತೋರಣಗಲ್ಲಿನ ಕಾರ್ಖಾನೆಗಳ ಸುತ್ತ, ಹೊಸಪೇಟೆಯ ಹೋಟೆಲುಗಳಲ್ಲಿ ದುಡಿದು ಊರಿಗೆ ಹಣ ಕಳಿಸುವ ನೇಪಾಳಿ ಕೆಲಸಗಾರರು. 10,000 ರೂಪಾಯಿಗೆ ಊರಲ್ಲಿ 16,000 ಸಿಗಬೇಕು; ಶುಲ್ಕವಿದ್ದರೆ ಅದನ್ನು ಬೇರೆಯಾಗಿ ತೋರಿಸಬೇಕು. ಮಧ್ಯದವರೊಬ್ಬರು ಮೊಬೈಲ್ ತೋರಿಸಿ 'ಇವತ್ತಿನ ದರ 1.58' ಎಂದರೆ 200 ನೇಪಾಳಿ ರೂಪಾಯಿ ಅಲ್ಲೇ ಹೋಯಿತು. ಇಂಥ ಸಂದರ್ಭಕ್ಕೆ ನೇಪಾಳ ರಾಷ್ಟ್ರ ಬ್ಯಾಂಕಿನ ಜಾಲತಾಣದ ವಿನಿಮಯ ದರದ ಪುಟವೇ ಸರಿ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ತಾರೀಖು ಕೊಟ್ಟರೆ ದಿನವಾರು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಯೂನಿಟ್ ಎಂಬ ಕಾಲಂ ಕಡೆಗಣಿಸಬಾರದು. ಭಾರತದ ರೂಪಾಯಿಯ ಮುಂದೆ ಯೂನಿಟ್ 100, ಕೊಳ್ಳುವ ದರ 160.00, ಮಾರುವ ದರ 160.15 ಎಂದಿರುತ್ತದೆ. ಎಂದರೆ 100 ರೂಪಾಯಿಗೆ 160. ಡಾಲರಿನ ಯೂನಿಟ್ 1 ಇರುವುದರಿಂದ ಎರಡನ್ನೂ ಒಂದೇ ಸಾಲಾಗಿ ಓದಿದವರು ಗಾಬರಿಯಾಗುತ್ತಾರೆ. ಪುಟ ಸರಳವಾಗಿದೆ, ಜಾಹೀರಾತು ಇಲ್ಲ, ಅಂಕಿ ಮೂಲದ್ದು. ಐದಕ್ಕೆ ನಾಲ್ಕೂವರೆ ಕೊಡಬಹುದು.

1993ಕ್ಕಿಂತ ಹಿಂದೆ ಹೋದರೆ ನೇಪಾಳದ ದರವೂ ಮೆಟ್ಟಿಲು ಮೆಟ್ಟಿಲಾಗಿ ಬದಲಾಗಿದೆ. 1960ರಲ್ಲಿ 1.60 ಎಂದು ನಿಗದಿಯಾಗಿತ್ತು. 1966ರ ಜೂನ್ 6ರಂದು ಭಾರತ ತನ್ನ ರೂಪಾಯಿಯ ಬೆಲೆ ಇಳಿಸಿ ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿತು, ನೇಪಾಳ ಇಳಿಸಲಿಲ್ಲ. ರಾತ್ರಿ ಬೆಳಗಾಗುವುದರೊಳಗೆ 1.60 ಹೋಗಿ ಸುಮಾರು 1.01 ಆಯಿತು. 1967ರ ಡಿಸೆಂಬರ್‌ನಲ್ಲಿ ನೇಪಾಳವೂ ಇಳಿಸಿದ ಮೇಲೆ 1.35. 1985ರ ಕೊನೆಯಲ್ಲಿ 1.70ರವರೆಗೆ ಹೋಗಿ, ಮತ್ತೆ ಇಳಿಯುತ್ತಾ 1.60ಕ್ಕೆ ಬಂದು ನಿಂತಿದೆ. ಇಂಥ ಹಣಕ್ಕೆ ಬೇಕಾದದ್ದು ಗ್ರಾಫ್ ಅಲ್ಲ, ಬದಲಾದ ದಿನಗಳ ಪಟ್ಟಿ. ಕನ್ವರ್ಟರ್‌ಗಳ ಮೂಲ ದೋಷ ಇಲ್ಲೇ ಇದೆ: ಸರ್ಕಾರ ಆಜ್ಞೆ ಹೊರಡಿಸಿ ಕಟ್ಟಿದ ದರವನ್ನೂ ಅವು ಮಾರುಕಟ್ಟೆಯ ದರದಂತೆ ತೋರಿಸುತ್ತವೆ.

ಪಾಕಿಸ್ತಾನಿ ರೂಪಾಯಿಯ ಲೆಕ್ಕ ಇನ್ನೂ ಜಟಿಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಅಂಥ ಮನೆಯ ಹಳೆಯ ಕಾಗದದಲ್ಲಿ ರೂಪಾಯಿ ಎಂದಿದ್ದರೆ ಅದು ಪಾಕಿಸ್ತಾನದ ರೂಪಾಯಿ. ದೇಶ ವಿಭಜನೆಯಾದಾಗ ಎರಡೂ ಸಮ. 1949ರ ಸೆಪ್ಟೆಂಬರ್‌ನಲ್ಲಿ ಪೌಂಡಿನ ಜೊತೆ ಭಾರತ ತನ್ನ ರೂಪಾಯಿ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಆಗ ಅವರ 100ಕ್ಕೆ ನಮ್ಮ 144. ಈ ದರವನ್ನು ಭಾರತ ಒಪ್ಪಿದ್ದು 1951ರ ಫೆಬ್ರವರಿಯಲ್ಲಿ. ನಡುವಿನ ಕಾಲದಲ್ಲಿ ಸೆಣಬಿನ ವ್ಯಾಪಾರವೇ ಸಿಕ್ಕಿಹಾಕಿಕೊಂಡಿತ್ತು. 1955ರ ಜುಲೈ ಕೊನೆಗೆ ಪಾಕಿಸ್ತಾನವೂ ಇಳಿಸಿ ಮತ್ತೆ ಸಮ. 1966ರ ಜೂನ್ 6ರಿಂದ ಅವರ 100ಕ್ಕೆ ನಮ್ಮ 157.50. 1972ರ ಮೇನಲ್ಲಿ ಪಾಕಿಸ್ತಾನ ಡಾಲರಿಗೆ 11 ರೂಪಾಯಿ ಮಾಡಿದ ಮೇಲೆ ತಕ್ಕಡಿ ಇತ್ತ ವಾಲಿತು.

ಈಗ ಕನ್ವರ್ಟರಿನಲ್ಲಿ 1966 ಎಂದು ಹಾಕಿ ನೋಡಿ. ಅಷ್ಟು ಹಿಂದಕ್ಕೆ ಹೋಗುವ ಸೇವೆಗಳೇ ಕಡಿಮೆ. ಹೋಗುವವು ಬಹುತೇಕ ವರ್ಷದ ಸರಾಸರಿ ಕೊಡುತ್ತವೆ. ಜನವರಿ 1ರಿಂದ ಜೂನ್ 5ರವರೆಗೆ 156 ದಿನ 4.76, ಉಳಿದ 209 ದಿನ 7.50. ಸರಾಸರಿ ತೆಗೆದರೆ ಡಾಲರಿಗೆ ಸುಮಾರು 6.33. ಆ ವರ್ಷದ ಯಾವ ದಿನವೂ ಯಾವ ಬ್ಯಾಂಕೂ 6.33ರ ದರದಲ್ಲಿ ವ್ಯವಹಾರ ಮಾಡಿಲ್ಲ. ಮಾರ್ಚ್ ತಿಂಗಳ ಒಂದು ರಸೀದಿಯನ್ನು ಈ ದರದಲ್ಲಿ ಬದಲಿಸಿದರೆ ಲೆಕ್ಕ ಮೂರನೇ ಒಂದು ಪಾಲಿನಷ್ಟು ಕೆಡುತ್ತದೆ. ರಿಸರ್ವ್ ಬ್ಯಾಂಕಿನ ವಾರ್ಷಿಕ ಅಂಕಿಅಂಶ ಕೈಪಿಡಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂಕಿಅಂಶಗಳು ಎರಡರಲ್ಲೂ 'ಅವಧಿಯ ಸರಾಸರಿ' ಮತ್ತು 'ಅವಧಿಯ ಕೊನೆ' ಎಂಬ ಬೇರೆ ಬೇರೆ ಕಾಲಂಗಳಿವೆ. ಒಂದು ದೇಶದ್ದು ಸರಾಸರಿ, ಇನ್ನೊಂದರದ್ದು ಕೊನೆಯ ದಿನದ್ದು ತೆಗೆದುಕೊಂಡು ಭಾಗಿಸಿದರೆ ಬರುವ ಅಂಕಿಗೆ ಅರ್ಥವೇ ಇಲ್ಲ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಆಗುವ ತಪ್ಪು ಹೆಚ್ಚಾಗಿ ಇದೇ. ಇನ್ನೊಂದು ಮಾತು: ರಿಸರ್ವ್ ಬ್ಯಾಂಕಿನ ಕೈಪಿಡಿಯಲ್ಲಿರುವುದು ಡಾಲರ್, ಪೌಂಡ್, ಯೂರೋ, ಯೆನ್‌ನಂಥ ಹಣಗಳ ದರ. ಪಾಕಿಸ್ತಾನ, ಲಂಕಾ, ನೇಪಾಳದ ರೂಪಾಯಿ ಬೇಕಾದರೆ ಆಯಾ ದೇಶದ ಕೇಂದ್ರ ಬ್ಯಾಂಕಿನ ಕಡೆಗೇ ಹೋಗಬೇಕು.

ಶ್ರೀಲಂಕಾದ ವಿಷಯದಲ್ಲಿ ಕನ್ವರ್ಟರ್‌ಗಳ ಮೇಲೆ ದೂರಿಲ್ಲ. 2022ರ ಆರಂಭದಲ್ಲಿ ನಮ್ಮ 1 ರೂಪಾಯಿಗೆ ಅವರ 2.70ರಷ್ಟಿದ್ದದ್ದು, ಮಾರ್ಚ್‌ನಲ್ಲಿ ದರವನ್ನು ಸಡಿಲ ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ 4.60 ದಾಟಿತು. ಇಂಥ ಕುಸಿತವನ್ನು ದಿನದಿನಕ್ಕೆ ನೋಡಲು ಗ್ರಾಫೇ ಚೆಂದ.

ಇನ್ನು ಹಾಲಿ ಸಿಕ್ಕಾ. ರಾಯಚೂರು, ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಮಾನ್ವಿ, ದೇವದುರ್ಗ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು; ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯೇ ಗಡಿ. ಆನೆಗೊಂದಿಯ ದಡದಲ್ಲಿ ಹಾಲಿ, ಎದುರಿನ ಹಂಪಿಯ ದಡದಲ್ಲಿ ಕಲ್ದಾರ ಎನ್ನುವ ಬ್ರಿಟಿಷ್ ಇಂಡಿಯಾದ ರೂಪಾಯಿ. ಮುನಿರಾಬಾದಿಗೂ ಹೊಸಪೇಟೆಗೂ ಇದೇ ಮಾತು. ಹೈದರಾಬಾದ್ ಸಂಸ್ಥಾನ 1918ರಲ್ಲಿ ಕರೆನ್ಸಿ ಕಾಯ್ದೆ ಮಾಡಿ ನೋಟುಗಳನ್ನೂ ಹೊರಡಿಸಿತು. ಅವುಗಳ ಮೇಲೆ ಉರ್ದು, ಇಂಗ್ಲಿಷ್ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. ಹೀಗಾಗಿ ಈ ಭಾಗದ ಹಳೆಯ ಕ್ರಯಪತ್ರ, ಅಡಮಾನ ಪತ್ರ, ಪಾಲುಪಟ್ಟಿ, ಅಂಗಡಿಯ ಕೀರ್ದಿ ಪುಸ್ತಕ ಯಾವುದನ್ನು ತೆಗೆದರೂ ಮೊತ್ತ ಯಾವ ರೂಪಾಯಿಯಲ್ಲಿದೆ ಎಂಬ ಪ್ರಶ್ನೆ ಮೊದಲು ಏಳುತ್ತದೆ.

ಯಾವ ಕನ್ವರ್ಟರಿನಲ್ಲೂ ಇದು ಏಕೆ ಸಿಗುವುದಿಲ್ಲ ಎಂಬುದಕ್ಕೆ ಸರಳ ಕಾರಣವಿದೆ. ಈ ಸೇವೆಗಳು ಹಣವನ್ನು ಗುರುತಿಸುವುದು ಐಎಸ್‌ಒ ಸಂಸ್ಥೆಯ ಮೂರಕ್ಷರದ ಕೋಡ್‌ನಿಂದ: ನಮ್ಮದು ಐಎನ್‌ಆರ್, ನೇಪಾಳದ್ದು ಎನ್‌ಪಿಆರ್. ಆ ಕೋಡ್ ಪದ್ಧತಿ ಬಂದದ್ದು 1978ರಲ್ಲಿ. ಹಾಲಿ ಸಿಕ್ಕಾ ಅದಕ್ಕೂ ಎರಡು ದಶಕ ಮೊದಲೇ ಚಲಾವಣೆಯಿಂದ ಹೋಗಿತ್ತು. ಕೋಡ್ ಇಲ್ಲ, ಆದ್ದರಿಂದ ಪಟ್ಟಿಯಲ್ಲಿ ಹೆಸರೂ ಇಲ್ಲ. ಯಾವುದಾದರೂ ಆ್ಯಪ್ ಹೈದರಾಬಾದ್ ರೂಪಾಯಿ ಬದಲಿಸಿಕೊಡುತ್ತೇನೆ ಎಂದರೆ ಅದರ ಹಿಂದೆ ಇರುವುದು ಒಂದೇ ಗುಣಕ. ಅದು ಸರಿಯಾಗಿದೆಯೇ ಎಂದು ನೀವೇ ನೋಡಿಕೊಳ್ಳಬೇಕು.

ಆ ಗುಣಕ ಹೀಗಿದೆ: 7 ಹಾಲಿಗೆ 6 ಕಲ್ದಾರ. ಸರ್ಕಾರಿ ಕಾಗದಗಳಲ್ಲಿ ಇದನ್ನೇ 100 ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂದು ಬರೆಯುತ್ತಿದ್ದರು (ರೂಪಾಯಿಗೆ 16 ಆಣೆ, ಆಣೆಗೆ 12 ಪೈ). 1 ಕಲ್ದಾರಕ್ಕೆ 1 ರೂಪಾಯಿ 2 ಆಣೆ 8 ಪೈ. ಇದು ಪೈ ಹೆಚ್ಚುಕಡಿಮೆಯಿಲ್ಲದೆ ಕೂಡುತ್ತದೆ. ತಿರುಗಿಸಿದರೆ 100 ಹಾಲಿಗೆ 85 ರೂಪಾಯಿ 11 ಆಣೆ 5 ಪೈ ಕಲ್ದಾರ, ಚಿಲ್ಲರೆ ಉಳಿಯುತ್ತದೆ. ಈ ಪ್ರಮಾಣಕ್ಕೂ ಬೆಳ್ಳಿಗೂ ಹೊಂದಿಕೆಯಿದೆ. ಬ್ರಿಟಿಷ್ ರೂಪಾಯಿ 11.66 ಗ್ರಾಂ ತೂಕ, ಅದರಲ್ಲಿ 91.7 ಪ್ರತಿಶತ ಬೆಳ್ಳಿ. ಚಾರ್‌ಮಿನಾರ್ ಚಿತ್ರದ ನಿಜಾಮರ ರೂಪಾಯಿ 11.18 ಗ್ರಾಂ, ಬೆಳ್ಳಿ 81.8 ಪ್ರತಿಶತ. ಶುದ್ಧ ಬೆಳ್ಳಿ ತೆಗೆದರೆ ಒಂದರಲ್ಲಿ 10.69 ಗ್ರಾಂ, ಇನ್ನೊಂದರಲ್ಲಿ 9.14. ಭಾಗಿಸಿದರೆ 1.17, ಏಳನ್ನು ಆರರಿಂದ ಭಾಗಿಸಿದರೆ 1.1667. ಬರೀ ತೂಕ ಹೋಲಿಸಿದವರಿಗೆ 1.04 ಬಂದು ದಾರಿ ತಪ್ಪುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ಕಡೆ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ಬ್ರಿಟಿಷ್ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕಲ್. ಆದರೂ 7ಕ್ಕೆ 6 ಎಂಬುದು ಹಾಗೆಯೇ ನಡೆಯಿತು. ಆದ್ದರಿಂದ ಮನೆಯಲ್ಲಿ ಉಳಿದ ನಾಣ್ಯದ ಇಂದಿನ ಬೆಳ್ಳಿ ಬೆಲೆ ಬೇರೆ, ಪತ್ರದಲ್ಲಿರುವ ಮೊತ್ತದ ಬದಲಿ ಬೇರೆ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬಾರದು.

ಕೆಲಸಕ್ಕೆ ಬರುವುದು ಮೊಬೈಲ್‌ನಲ್ಲೇ ತೆರೆಯುವ ಉಚಿತ ಸ್ಪ್ರೆಡ್‌ಶೀಟ್. ಮೊದಲ ಮೂರು ಕಾಲಂ ರೂಪಾಯಿ, ಆಣೆ, ಪೈ ಎಂದು ಬೇರೆ ಬೇರೆ ಇಡಿ. 5-10-8 ಎಂದು ಒಂದೇ ಚೌಕದಲ್ಲಿ ಬರೆದರೆ ಶೀಟ್ ಅದನ್ನು 2008ರ ತಾರೀಖು ಮಾಡಿಬಿಡುತ್ತದೆ. 116.10 ಎಂದು ಚುಕ್ಕೆ ಇಟ್ಟು ಬರೆದರೆ ಇನ್ನೂ ಕೆಟ್ಟದ್ದು, ಹತ್ತು ಆಣೆ ಹತ್ತು ಪೈಸೆಯಾಗಿ ಕೂರುತ್ತದೆ. ಹತ್ತು ಆಣೆ ಎಂದರೆ 62.5 ಪೈಸೆ. ನಾಲ್ಕನೇ ಕಾಲಂನಲ್ಲಿ ಎಲ್ಲವನ್ನೂ ಪೈಗೆ ಇಳಿಸಿ: ರೂಪಾಯಿಯನ್ನು 192ರಿಂದ, ಆಣೆಯನ್ನು 12ರಿಂದ ಗುಣಿಸಿ, ಪೈ ಕೂಡಿಸಿ. ಐದನೆಯದರಲ್ಲಿ ಅದನ್ನು 6ರಿಂದ ಗುಣಿಸಿ 7ರಿಂದ ಭಾಗಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತನ್ನಿ. ಬಳಿಕ 192ರಿಂದ ಭಾಗಿಸಿದ ಪೂರ್ಣಾಂಶ ರೂಪಾಯಿ. ಉಳಿದ ಶೇಷವನ್ನು 12ರಿಂದ ಭಾಗಿಸಿದರೆ ಆಣೆ. ಕೊನೆಗೆ ಉಳಿದದ್ದು ಪೈ.

ಒಂದು ಮೊತ್ತ ಹಾಕಿ ನೋಡೋಣ. ಪತ್ರದಲ್ಲಿ 245 ರೂಪಾಯಿ 9 ಆಣೆ 6 ಪೈ ಹಾಲಿ ಎಂದಿದೆ. ಪೈಗೆ ಇಳಿಸಿದರೆ 47,040, 108, 6 ಸೇರಿ 47,154. ಆರರಿಂದ ಗುಣಿಸಿ ಏಳರಿಂದ ಭಾಗಿಸಿದರೆ 40,417.71, ಎಂದರೆ 40,418. ಅದರಲ್ಲಿ 210 ರೂಪಾಯಿಗೆ 40,320 ಹೋಗಿ 98 ಪೈ ಉಳಿಯುತ್ತದೆ: 8 ಆಣೆ 2 ಪೈ. ಉತ್ತರ 210 ರೂಪಾಯಿ 8 ಆಣೆ 2 ಪೈ ಕಲ್ದಾರ. ಪೈಸೆಯಲ್ಲಿ ಹೇಳಿದರೆ 210.51. ತಿರುಗಿ 7ರಿಂದ ಗುಣಿಸಿ 6ರಿಂದ ಭಾಗಿಸಿ ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ 47,154 ಬರಬೇಕು. ಬಾರದಿದ್ದರೆ ಸೂತ್ರದಲ್ಲಿ ಎಲ್ಲೋ ಎಡವಟ್ಟಾಗಿದೆ.

ಇಲ್ಲಿ ದಶಮಾಂಶದ ಗುಣಕ ಬಳಸುವ ಆಸೆ ಬೇಡ. 7,000 ಹಾಲಿ ಎಂದರೆ ಸರಿಯಾಗಿ 6,000 ಕಲ್ದಾರ. 0.86ರಿಂದ ಗುಣಿಸಿದರೆ 6,020, 1.17ರಿಂದ ಭಾಗಿಸಿದರೆ 5,983. ಜಮೀನಿನ ಹಳೆಯ ಪತ್ರದಲ್ಲಿ ಈ ವ್ಯತ್ಯಾಸವನ್ನು ಹಿಡಿದು ಅಣ್ಣತಮ್ಮಂದಿರು ಜಗಳ ಆಡಿದರೆ ಯಾರೂ ಬಿಡಿಸಲಾರರು. ಅದಕ್ಕಿಂತ ದೊಡ್ಡ ತಪ್ಪು ದಿಕ್ಕು ತಿರುಗಿಸುವುದು, ಎಂದರೆ 100 ಹಾಲಿಗೆ 116 ಕಲ್ದಾರ ಎಂದು ಬರೆಯುವುದು. ಕಲ್ದಾರ ಹೆಚ್ಚು ಬೆಲೆಯದು, ಹಾಲಿ ಕಡಿಮೆ. ಹಾಲಿಯಿಂದ ಕಲ್ದಾರಕ್ಕೆ ಹೋದಾಗ ಅಂಕಿ ಇಳಿಯಲೇಬೇಕು. ಸಾಲು ಸಾಲಾಗಿ ಬದಲಿಸಿ ಕೂಡಿಸುವುದಕ್ಕಿಂತ ಹಾಲಿಯಲ್ಲೇ ಒಟ್ಟು ಮಾಡಿ ಒಮ್ಮೆ ಬದಲಿಸಿದರೆ ಪೈಗಳು ಅತ್ತಿತ್ತ ಸರಿಯುವುದಿಲ್ಲ.

ಮೊತ್ತ ಯಾವ ರೂಪಾಯಿಯದು ಎಂದು ಗುರುತಿಸಲು ಕಾಗದದಲ್ಲೇ ಸುಳಿವು ಇರುತ್ತದೆ. ಓ.ಎಸ್. ಎಂದಿದ್ದರೆ ಉಸ್ಮಾನಿಯಾ ಸಿಕ್ಕಾ, ಎಂದರೆ ಹಾಲಿಯೇ. ಬಿ.ಜಿ. ಎಂದಿದ್ದರೆ ಬ್ರಿಟಿಷ್ ಸರ್ಕಾರದ್ದು, ಸ್ವಾತಂತ್ರ್ಯದ ನಂತರ ಅದೇ ಐ.ಜಿ., ಎಂದರೆ ಭಾರತ ಸರ್ಕಾರದ್ದು, ಆಯಿತು. ಏನೂ ಬರೆಯದ ರಾಯಚೂರಿನ ಪತ್ರವನ್ನು ಹಾಲಿ ಎಂದು ತಿಳಿಯುವುದು ಸಹಜವಾದರೂ, ಬಳ್ಳಾರಿ ಅಥವಾ ಆದೋನಿಯ ವ್ಯಾಪಾರಿ ಅದರಲ್ಲಿ ಇದ್ದರೆ ಇನ್ನೊಂದು ಕಾಗದ ನೋಡಿಯೇ ತೀರ್ಮಾನಿಸಬೇಕು. 7ಕ್ಕೆ 6 ಸರ್ಕಾರದ ದರ; ಪೇಟೆಯಲ್ಲಿ ಸರಾಫರು ತಮ್ಮ ವಟ್ಟ, ಎಂದರೆ ಹಣ ಬದಲಿಸಿಕೊಡುವ ಕಡಿತ, ಹಿಡಿದುಕೊಂಡೇ ಕೊಡುತ್ತಿದ್ದರು. ಕೀರ್ದಿಯಲ್ಲಿ ಎರಡು ಹಣದ ಮೊತ್ತವೂ ಇದ್ದರೆ ಆ ದಿನದ ನಿಜವಾದ ದರ ಅಲ್ಲೇ ಸಿಗುತ್ತದೆ, ಅದನ್ನೇ ಹಿಡಿಯಿರಿ. ಇಪ್ಪತ್ತನೇ ಶತಮಾನದ ಆರಂಭಕ್ಕಿಂತ ಹಿಂದಿನ ಪತ್ರಕ್ಕೆ ಈ ಪ್ರಮಾಣ ಹಚ್ಚಲೇಬೇಡಿ. ಆಗ ಗದ್ವಾಲ್, ನಾರಾಯಣಪೇಟೆಯಂಥ ಟಂಕಸಾಲೆಗಳ ನಾಣ್ಯಗಳೂ ಇದ್ದವು, ದರ ಏರಿಳಿಯುತ್ತಿತ್ತು.

ತಾರೀಖಿನಲ್ಲೂ ಒಂದು ತೊಡಕಿದೆ. ನಿಜಾಮರ ಕಡೆಯ ಪತ್ರಗಳಲ್ಲಿ ಕಂದಾಯದ ಲೆಕ್ಕದ ಫಸಲಿ ವರ್ಷ ಇರುತ್ತದೆ. ಬಳ್ಳಾರಿಯ ಕಂದಾಯ ಕಾಗದಗಳಲ್ಲೂ ಫಸಲಿಯೇ. ಎರಡಕ್ಕೂ 590 ಕೂಡಿಸಿದರೆ ವರ್ಷ ಶುರುವಾಗುವ ಇಸವಿ ಬರುತ್ತದೆ: ಫಸಲಿ 1357 ಎಂದರೆ 1947. ಆದರೆ ಮದ್ರಾಸಿನ ಫಸಲಿ ಜುಲೈ 1ಕ್ಕೆ ಶುರು, ಹೈದರಾಬಾದಿನದು ಆಜುರ್ ತಿಂಗಳಿಂದ, ಎಂದರೆ ಅಕ್ಟೋಬರ್ ಮೊದಲ ವಾರದಿಂದ. 1948ರ ಆಗಸ್ಟ್ ತಿಂಗಳು ರಾಯಚೂರಿನಲ್ಲಿ ಇನ್ನೂ 1357, ಬಳ್ಳಾರಿಯಲ್ಲಿ ಆಗಲೇ 1358. ಎರಡೂ ಕಡೆಯ ಕಾಗದಗಳನ್ನು ಒಂದೇ ಶೀಟಿನಲ್ಲಿ ಇಡುವಾಗ ಫಸಲಿಗೆ ಒಂದು ಕಾಲಂ, ಊರಿಗೆ ಒಂದು ಕಾಲಂ, ಇಂಗ್ಲಿಷ್ ತಾರೀಖಿಗೆ ಇನ್ನೊಂದು ಕಾಲಂ ಬೇಕೇ ಬೇಕು.

1950ರಿಂದ ಭಾರತದ ರೂಪಾಯಿಯೂ ಹಾಲಿಯೂ ಜೊತೆಯಲ್ಲೇ ನಡೆದವು. 1951ರಲ್ಲಿ ಹೊಸ ಹಾಲಿ ಹೊರಡಿಸುವುದು ನಿಂತಿತು, 1959ರಲ್ಲಿ ಅದರ ಚಲಾವಣೆಯೇ ರದ್ದಾಯಿತು. ನಡುವೆ 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು ರೂಪಾಯಿಗೆ 16 ಆಣೆ ಹೋಗಿ 100 ಪೈಸೆ ಆಯಿತು. ಆದ್ದರಿಂದ 1957ರಿಂದ 1959ರ ನಡುವಿನ ಪತ್ರದಲ್ಲಿ 50 ಎಂಬ ಚಿಲ್ಲರೆ ಕಂಡರೆ ಅದು ನಯಾ ಪೈಸೆ, ಐ.ಜಿ. ಲೆಕ್ಕ, ಅದನ್ನು 7ಕ್ಕೆ 6ರ ಸೂತ್ರಕ್ಕೆ ಹಾಕುವ ಹಾಗಿಲ್ಲ. ಆಣೆ-ಪೈ ಇದ್ದರೆ ಓ.ಎಸ್. ಅಥವಾ ಐ.ಜಿ. ಎಂಬ ಗುರುತನ್ನು ಹುಡುಕಿಯೇ ಮುಂದೆ ಹೋಗಬೇಕು.